ಮೇಷ್ಟ್ರ ಮನೆಯಿಂದ ಬರುತ್ತಿದ್ದ ಉತ್ತರ

ಪೀಣ್ಯದ ನಮ್ಮ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಊಟದ ಬೆಲ್ ಹೊಡೆಯುತ್ತದೆ. ಉಳಿದವರೆಲ್ಲ ಡಬ್ಬಿ ಹಿಡಿದು ಕ್ಯಾಂಟೀನಿಗೆ ಇಳಿದರೆ ನಾನು ತಾರಸಿ ಹತ್ತುತ್ತಿದ್ದೆ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ರೇಡಿಯೋ ಸೆಟ್ಟು. ಟೆಸ್ಟಿಂಗ್ ವಿಭಾಗದ ಹುಡುಗರು ನನ್ನನ್ನು ನೋಡಿ, ‘ಮೇಡಂ ಆಕಾಶದ ಜೊತೆ ಮಾತಾಡೋಕೆ ಹೊರಟ್ರು’ ಎಂದು ಹಲ್ಲು ಕಿಸಿಯುತ್ತಿದ್ದರು. ನಗಲಿ ಬಿಡಿ. ಹೊಟ್ಟೆ ತುಂಬ ಉಂಡು ಮೊಬೈಲಿನಲ್ಲಿ ರೀಲ್ಸ್ ನೋಡುವವರಿಗೆ ನಾನೇನು ವಿವರಿಸಲಿ.

ನಾನು ಹ್ಯಾಮ್. ಅಂದರೆ ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವಳು. ನಮಗೆ ಹೆಸರಿಗಿಂತ ಸಂಕೇತ ಮುಖ್ಯ. ಲೈಸೆನ್ಸಿನ ಜೊತೆ ಸರ್ಕಾರ ಕೊಡುವ ಆ ಐದಾರು ಅಕ್ಷರಗಳೇ ಗಾಳಿಯಲ್ಲಿ ನಮ್ಮ ಗುರುತು. ನನಗೆ ಚುಕ್ಕಿ-ಗೆರೆಗಳ ಮೋರ್ಸ್ ಕೋಡ್ ಕಲಿಸಿ, ಬೆಸುಗೆ ಹಾಕುವಾಗ ಕೈ ಸುಟ್ಟುಕೊಂಡರೆ ಬೈದು, ಪರೀಕ್ಷೆಗೆ ಕೂರಿಸಿದವರು ಬಾಗಲಗುಂಟೆಯ ಮೇಷ್ಟ್ರು. ಅವರೇನೂ ಶಾಲೆಯ ಮೇಷ್ಟ್ರಲ್ಲ, ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ನಮಗೆ ಕಲಿಸಿದರಲ್ಲ, ಅದಕ್ಕೇ ಮೇಷ್ಟ್ರು.

ಅವರ ಮನೆಯ ತಾರಸಿಯ ಮೇಲೊಂದು ಶೀಟಿನ ಕೋಣೆ. ಅದೇ ಅವರ ರೇಡಿಯೋ ಮನೆ. ನಾವು ಏಳೆಂಟು ಜನ ಅಲ್ಲಿ ಕೂತು ನಮ್ಮದೇ ಒಂದು ಜಾಲ ಕಟ್ಟಿದೆವು. ಪೀಣ್ಯದಲ್ಲಿ ನಾನು ಫೋನಿಗೆ ರೇಡಿಯೋ ಜೋಡಿಸಿ ಒಂದು ಸಾಲು ಟೈಪ್ ಮಾಡಿದರೆ, ಅದು ಕರಕರ ಎನ್ನುವ ಒಂದು ಸಣ್ಣ ಸದ್ದಾಗಿ ಗಾಳಿಗೆ ಹೋಗುತ್ತದೆ. ಬಾಗಲಗುಂಟೆಯಲ್ಲಿ ಮೇಷ್ಟ್ರ ಕಂಪ್ಯೂಟರಿಗೆ ಜೋಡಿಸಿದ ರೇಡಿಯೋ ಪೆಟ್ಟಿಗೆ ಅದನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ. ಊರ ನಡುವೆ ಒಂದು ಎತ್ತರದ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಇನ್ನೊಂದು ಪೆಟ್ಟಿಗೆ, ಅಲ್ಲಿಂದ ಒಂದು ಕಡೆ ವೈಟ್‌ಫೀಲ್ಡ್, ಇನ್ನೊಂದು ಕಡೆ ಎಲೆಕ್ಟ್ರಾನಿಕ್ ಸಿಟಿ. ಟವರ್ ಬೇಡ, ಇಂಟರ್‌ನೆಟ್ ಬೇಡ. ಮಳೆ ಬಂದು ಊರೆಲ್ಲ ಮುಳುಗಿ ಫೋನು ಸತ್ತರೂ ನಮ್ಮ ಅಕ್ಷರ ನಡೆಯುತ್ತದೆ ಎಂಬ ಜಂಬ ನಮಗೆ. ಮೊದಲ ಸಲ ವೈಟ್‌ಫೀಲ್ಡಿಗೆ ಒಂದು ಸಾಲು ಮುಟ್ಟಿದ ದಿನ ಮೇಷ್ಟ್ರು ಮೈಸೂರುಪಾಕು ಹಂಚಿದ್ದರು.

ಒಂದು ವಿಷಯಕ್ಕೆ ಮಾತ್ರ ನಮಗೂ ಅವರಿಗೂ ಜಗಳ. ನಾನು ಕಳಿಸಿದ್ದು ಆ ಕಡೆ ತಲುಪಿದರೆ ‘ಸಿಕ್ಕಿತು’ ಎಂಬ ಉತ್ತರ ವಾಪಸ್ ಬರಬೇಕು. ಬರದಿದ್ದರೆ ನನ್ನ ಸೆಟ್ಟು ಬಿಡದೆ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಮೇಷ್ಟ್ರ ಹಟವೇನೆಂದರೆ, ಸಂದೇಶ ಓದಿದ ಮನುಷ್ಯ ತಾನೇ ಗುಂಡಿ ಒತ್ತಿದರೆ ಮಾತ್ರ ಆ ಉತ್ತರ ಹೋಗಬೇಕು. ಅವರು ಕೆಳಗೆ ಕಾಫಿ ಕುಡಿಯಲು ಇಳಿದರೆ ಸಾಕು, ಉತ್ತರವಿಲ್ಲದೆ ಎಲ್ಲರ ಸಂದೇಶಗಳೂ ಒಂದರ ಮೇಲೊಂದು ಬಡಿದು ಜಾಲವೇ ಉಸಿರುಗಟ್ಟುತ್ತಿತ್ತು. ನನಗೆ ತಲೆ ಕೆಟ್ಟು ಒಂದು ಭಾನುವಾರ ಅವರ ಕಂಪ್ಯೂಟರಿನ ಮುಂದೆ ಕೂತು ಪ್ರೋಗ್ರಾಮ್ ಬದಲಾಯಿಸಿದೆ. ಇನ್ನು ಮೇಲೆ ಪೆಟ್ಟಿಗೆಯೇ ಉತ್ತರ ಕೊಡುತ್ತದೆ, ನೀವು ಆರಾಮಾಗಿ ಕಾಫಿ ಕುಡೀರಿ ಅಂದೆ.

ಮೇಷ್ಟ್ರು ಕನ್ನಡಕ ತೆಗೆದು ಪರದೆ ನೋಡಿದರು. ‘ಏನಮ್ಮಾ ಇದು? ನಾನಿನ್ನೂ ಓದೇ ಇಲ್ಲ, ಅದಾಗ್ಲೇ ಸಿಕ್ತು ಅಂತ ಹೇಳ್ಬಿಡ್ತಲ್ಲ?’

‘ಸಿಕ್ಕಿದ್ದು ನಿಮಗಲ್ಲ ಮೇಷ್ಟ್ರೆ, ನಿಮ್ಮ ಪೆಟ್ಟಿಗೆಗೆ.’

‘ಆ ಕಡೆ ಇರೋನಿಗೆ ಅದು ಗೊತ್ತಾಗುತ್ತಾ?’

‘ಗೊತ್ತಾಗದೆ ಏನು, ಅವನೇನು ದಡ್ಡನಾ?’ ಎಂದು ನಾನು ನಕ್ಕೆ. ಈ ಮಾತನ್ನು ಆಡಿದ ಬಾಯಿ ನನ್ನದೇ.

ಮುಂದಿನ ತಿಂಗಳು ಅವರ ಮಗಳಿಗೆ ಹೆರಿಗೆ. ಮಗಳು ಇರುವುದು ಚಿತ್ರದುರ್ಗದಲ್ಲಿ. ಓಡಾಡಕೂಡದು ಎಂದು ವೈದ್ಯರು ಹೇಳಿದ್ದರಿಂದ ತವರಿಗೆ ಬರಲಾಗಲಿಲ್ಲ, ತಾಯಿಯೇ ಬಾಣಂತನಕ್ಕೆ ಅಲ್ಲಿಗೆ ಹೋದರು. ಮೇಷ್ಟ್ರ ಹೆಂಡತಿಯನ್ನು ನಾನು ಅಮ್ಮ ಎನ್ನುತ್ತೇನೆ. ಬಾಗಲಗುಂಟೆಯ ಮೂಲ ರೈತರ ಮನೆಯ ಹೆಣ್ಣುಮಗಳು. ಈಗ ಮನೆಯಿರುವ ಜಾಗದಲ್ಲಿ ಹಿಂದೆ ಅವರ ರಾಗಿ ಹೊಲವಿತ್ತಂತೆ. ದುರ್ಗಕ್ಕೆ ಹೊರಡುವಾಗ ನನ್ನ ಕೈ ಹಿಡಿದುಕೊಂಡು, ‘ಇವ್ರು ಪೋನ್ ಎತ್ತಾಕಿಲ್ಲ ಕಣವ್ವ. ಅದನ್ನ ಅಡ್ಗೆಮನೆ ಗೂಡ್ನಾಗೆ ಮಡಗಿ ತಾವು ಮ್ಯಾಲೆ ಕೂತಿರ್ತಾರೆ. ನಿನ್ ರೇಡಿಯಾದಾಗೆ ದಿನಕ್ಕೊಂದ್ಸಲ ಮಾತಾಡ್ಸು. ಬದುಕವ್ರಾ ಇಲ್ವಾ ಅಂತ ನಂಗೊಂದ್ ಮಾತ್ ಹೇಳು’ ಎಂದು ನಕ್ಕರು. ನಾನೂ ನಕ್ಕೆ. ಆಯ್ತಮ್ಮ, ದಿನಾ ಒಂದು ಗಂಟೆಗೆ ವಿಚಾರಿಸ್ತೀನಿ ಅಂದೆ.

ಹಾಗೇ ನಡೆಯಿತು. ದಿನವೂ ತಾರಸಿ ಹತ್ತಿ ‘ಊಟ ಆಯ್ತಾ ಮೇಷ್ಟ್ರೆ’ ಎಂದು ಕಳಿಸುತ್ತಿದ್ದೆ. ಎರಡು ಮೂರು ಸೆಕೆಂಡಿನಲ್ಲಿ ‘ಸಿಕ್ಕಿತು’ ಎಂದು ಬರುತ್ತಿತ್ತು. ಕೆಲವು ದಿನ ಹಿಂದೆಯೇ ಅವರದೂ ಒಂದು ಸಾಲು, ‘ಆಯ್ತು, ಹುರುಳಿಕಾಳು ಸಾರು’ ಎಂದೋ ‘ಇನ್ನೂ ಇಲ್ಲ’ ಎಂದೋ. ಬಹಳ ದಿನ ಅದೂ ಇಲ್ಲ. ಅವರು ಮಾತಿನಲ್ಲಿ ಜಿಪುಣ. ನಾನು ಅಮ್ಮನಿಗೆ ಒಂದು ಮೆಸೇಜು ಹಾಕಿ ಡಬ್ಬಿ ಬಿಚ್ಚುತ್ತಿದ್ದೆ. ದಿನಗಳು ಹೋದ ಹಾಗೆ ‘ಸಿಕ್ಕಿತು’ ಬಂದರೆ ಮೇಷ್ಟ್ರೇ ಬಂದ ಹಾಗೆ ಎಂದು ಮನಸ್ಸು ಅಭ್ಯಾಸ ಮಾಡಿಕೊಂಡುಬಿಟ್ಟಿತು. ಆ ಪ್ರೋಗ್ರಾಮ್ ಬರೆದವಳು ನಾನೇ ಎಂಬುದು ನೆನಪಿಗೂ ಬರಲಿಲ್ಲ.

ಮಗು ಹುಟ್ಟಿ ಒಂದು ವಾರವಾಗಿತ್ತು. ಅವತ್ತು ಗುರುವಾರ. ಒಂದು ಗಂಟೆಗೆ ಕಳಿಸಿದೆ, ಉತ್ತರ ಬಂತು. ಅನ್ನ ಕಲಸುತ್ತಿದ್ದಾಗ ಅಮ್ಮನ ಫೋನು. ‘ಬೆಳಗ್ಗಿಂದ ಮಾಡ್ತಾನೇ ಇವ್ನಿ, ಎತ್ತುತಾ ಇಲ್ಲ ಕಣವ್ವ. ಯಾಕೋ ಎದೆ ಡವಡವ ಅಂತೈತೆ’ ಎಂದರು. ಅವರ ಹಿಂದೆ ಬಹಳ ಗದ್ದಲವಿತ್ತು. ‘ಈಗ್ತಾನೆ ಉತ್ತರ ಬಂತಮ್ಮ, ಚೆನ್ನಾಗಿದಾರೆ’ ಅಂದೆ. ‘ನಿಜ್ವಾಗ್ಲೂ ಬಂತಾ?’ ಎಂದು ಕೇಳಿದರು. ‘ಅಯ್ಯೋ, ಮೂರು ಸೆಕೆಂಡಲ್ಲಿ ಬಂತಮ್ಮ, ನನ್ನ ಕಣ್ಣಾರೆ ನೋಡ್ದೆ’ ಅಂದೆ. ಶುಕ್ರವಾರವೂ ಅದೇ ಆಯಿತು. ಕಳಿಸಿದೆ, ಬಂತು. ಸಂಜೆ ಅವರು ಮತ್ತೆ ಫೋನ್ ಮಾಡಿದಾಗ ಕಾರ್ಖಾನೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಕೈ ಕೊಟ್ಟು ನಾನು ರೇಗಿಕೊಂಡಿದ್ದೆ. ‘ಉತ್ತರ ಬಂದಿದೆ ಅಂದ್ನಲ್ಲಮ್ಮ, ಸುಮ್ನೆ ಗಾಬರಿ ಮಾಡ್ಕೋಬೇಡಿ’ ಎಂದು ಸ್ವಲ್ಪ ಗಡುಸಾಗಿಯೇ ಹೇಳಿ ಇಟ್ಟೆ.

ಶನಿವಾರ ಒಂದು ಗಂಟೆಗೆ ‘ಸಿಕ್ಕಿತು’ ಬಂದ ಸ್ವಲ್ಪ ಹೊತ್ತಿಗೆ ವೈಟ್‌ಫೀಲ್ಡಿನ ಗೆಳೆಯ ಫೋನ್ ಮಾಡಿದ. ನಮ್ಮ ಜಾಲದ ಆ ತುದಿಯನ್ನು ನೋಡಿಕೊಳ್ಳುವವನು ಅವನೇ.

‘ಮೇಡಂ, ಮೇಷ್ಟ್ರು ಊರಲ್ಲಿಲ್ವಾ? ಬುಧವಾರ ರಾತ್ರಿ ಒಂದು ಆಂಟೆನಾ ಡೌಟ್ ಕೇಳಿದ್ದೆ. ಸಿಕ್ಕಿದೆ ಅಂತ ತೋರಿಸ್ತಿದೆ, ಆದರೆ ಇನ್ನೂ ಏನೂ ಹೇಳಿಲ್ಲ.’

ಆಂಟೆನಾ ಬಗ್ಗೆ ಕೇಳಿದರೆ ಮೇಷ್ಟ್ರು ಊಟ ಬಿಟ್ಟು ಒಂದು ಪುಟ ಬರೆಯುವವರು. ಸಿಕ್ಕಿದ್ದು ನಿಮಗಲ್ಲ, ನಿಮ್ಮ ಪೆಟ್ಟಿಗೆಗೆ. ಡಬ್ಬಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದೆ. ಗೇಟಿನ ಬಳಿ ಸಿಕ್ಕ ಆಟೋ ಹತ್ತಿ ಬಾಗಲಗುಂಟೆ ಎಂದೆ.

ಮೇಷ್ಟ್ರ ಮನೆಯ ಕೆಳಗಿನ ಬಾಡಿಗೆ ಭಾಗದಲ್ಲಿ ವಿಜಯಪುರದ ಕಡೆಯವರೊಬ್ಬರು ಇದ್ದರು, ನೈಟ್ ಶಿಫ್ಟ್ ಮುಗಿಸಿ ಮಲಗಿದ್ದವರನ್ನು ಎಬ್ಬಿಸಿದೆ. ‘ಮ್ಯಾಲಿಂದ ಆ ರೇಡಿಯೋದ ಕರಕರ ಸಪ್ಪಳ ಕೇಳಸ್ತಿತ್ರೀ ಅಕ್ಕಾರ, ಅದಕ್ಕ ಯಜಮಾನ್ರು ಅದಾರಂತ ತಿಳ್ಕೊಂಡ್ವಿ’ ಎಂದರು. ತಾರಸಿ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಅವರೇ ಭುಜ ಕೊಟ್ಟು ಮುರಿದರು.

ಮೇಷ್ಟ್ರು ಮೇಜಿನ ಮತ್ತು ಗೋಡೆಯ ನಡುವೆ ಬಿದ್ದಿದ್ದರು. ಅದನ್ನು ನಾನು ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಆದರೆ ಪರದೆ ಮಾತ್ರ ಕಣ್ಣಿಂದ ಹೋಗುತ್ತಿಲ್ಲ. ನನ್ನ ಮೂರು ‘ಊಟ ಆಯ್ತಾ ಮೇಷ್ಟ್ರೆ’ ಒಂದರ ಕೆಳಗೊಂದು ನಿಂತಿದ್ದವು, ಪ್ರತಿಯೊಂದರ ಪಕ್ಕದಲ್ಲೂ ಉತ್ತರ ಕಳಿಸಲಾಗಿದೆ ಎಂಬ ಗುರುತು. ನಾನು ನೋಡುತ್ತ ನಿಂತಿದ್ದಂತೆಯೇ ಪೆಟ್ಟಿಗೆ ಕರ್ ಎಂದು ಸದ್ದು ಮಾಡಿ ಅವರ ಸಂಕೇತವನ್ನು ಮತ್ತೊಮ್ಮೆ ಗಾಳಿಗೆ ಬಿಟ್ಟಿತು. ಹತ್ತು ನಿಮಿಷಕ್ಕೊಮ್ಮೆ ‘ನಾನಿದ್ದೇನೆ’ ಎಂದು ಸಾರುವುದು ಅದರ ಕೆಲಸ.

ಆಸ್ಪತ್ರೆಯಲ್ಲಿ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಪಾರ್ಶ್ವವಾಯು ಹೊಡೆದು ಬಿದ್ದಿದ್ದಾರೆ, ಬಹುಶಃ ಗುರುವಾರ ಬೆಳಗ್ಗೆ. ತಕ್ಷಣ ಜೀವ ಹೋಗಿಲ್ಲ. ಶುಕ್ರವಾರ ಯಾವಾಗಲೋ ಹೋಗಿರಬೇಕು. ‘ಮನೇಲಿ ಯಾರೂ ಇರಲಿಲ್ವಾ?’ ಎಂದು ಕೇಳಿದರು. ನಾನು ಇಲ್ಲ ಎಂದೆ.

ಈ ಮಾತನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಹೇಳೋಣ ಅಂತಲೇ ಇದ್ದೆ. ಆದರೆ ಹನ್ನೊಂದನೆಯ ದಿನ, ಬಂದವರೆದುರು ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಸುಕ್ರವಾರ ಮಧ್ಯಾನದಗಂಟ ಇವಳ ಕೂಡೆ ಮಾತಾಡವ್ರೆ. ನರಳ್ಲಿಲ್ಲ, ಪರದಾಡ್ಲಿಲ್ಲ. ದೀಪ ಆರ್ದಂಗೆ ಓಗವ್ರೆ. ಪುಣ್ಯವಂತ್ರು’ ಅಂದರು. ಒಬ್ಬರಿಗಲ್ಲ, ಬಂದ ಪ್ರತಿಯೊಬ್ಬರಿಗೂ ಹೇಳಿದರು. ಪ್ರತಿ ಸಲವೂ ಅವರ ಮುಖ ಒಂದಿಷ್ಟು ಹಗುರಾಗುತ್ತಿತ್ತು. ನಾನು ತಲೆ ತಗ್ಗಿಸಿ ಎಲೆಯ ಮೇಲಿನ ಪಾಯಸ ನೋಡುತ್ತಿದ್ದೆ. ಹೇಡಿ ನಾನು, ಬೇರೆ ಮಾತಿಲ್ಲ.

ಹಸಿರು ದೀಪದ ಆ ಪೆಟ್ಟಿಗೆಯನ್ನು ಆರಿಸಲೂ ಅಮ್ಮ ಬಿಡಲಿಲ್ಲ. ‘ಆ ಅಸ್ರು ದೀಪ ಮಿಣಿಮಿಣಿ ಅಂತಿದ್ರೆ ಮನೆನಾಗೆ ಒಬ್ರು ಅವ್ರೆ ಅನ್ಸ್ತದೆ ಕಣವ್ವ. ಇರ್ಲಿ ಬುಡು.’ ಹಾಗೆ ಅದು ಉಳಿಯಿತು. ನಾನೂ ದಿನ ಒಂದು ಗಂಟೆಗೆ ತಾರಸಿ ಹತ್ತುವುದನ್ನು ಬಿಡಲಿಲ್ಲ. ಯಾಕೆ ಎಂದರೆ ಏನು ಹೇಳಲಿ. ಇವತ್ತು ಉತ್ತರ ಬರದಿದ್ದರೆ ಎಂದು ಹೆದರಿಕೆ. ಬಂದರೆ ಅದಕ್ಕಿಂತ ಹೆದರಿಕೆ. ಅದೇ ಸಾಲು ಕಳಿಸುತ್ತಿದ್ದೆ, ಮೂರು ಸೆಕೆಂಡಿಗೆ ‘ಸಿಕ್ಕಿತು’. ಸುಡುವ ಬಿಸಿಲಲ್ಲಿ ನಿಂತು ಮೈಯೆಲ್ಲ ತಣ್ಣಗಾಗುತ್ತಿತ್ತು. ಕೆಳಗೆ ಪ್ರೆಸ್ ಮಷಿನ್ನುಗಳ ಸದ್ದು ನಿಂತ ಅರ್ಧ ಗಂಟೆಯಲ್ಲಿ, ಒಬ್ಬರು ನನ್ನ ಬೆನ್ನ ಹಿಂದೆ ನೆಲದ ಮೇಲೆ ಮಲಗಿ ನನ್ನ ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ.

ಬಿದ್ದಿದ್ದಾಗ ಮೇಷ್ಟ್ರಿಗೆ ಕಿವಿ ಕೇಳಿಸುತ್ತಿತ್ತೇ? ಅದೇ ನನ್ನನ್ನು ತಿಂದಿದ್ದು. ಗುರುವಾರ ಒಂದು ಗಂಟೆಗೆ ಪೆಟ್ಟಿಗೆ ಸದ್ದು ಮಾಡಿದಾಗ ಅದು ನಾನು ಎಂದು ಅವರಿಗೆ ಗೊತ್ತಾಗಿರಬೇಕು. ಇವಳಿಗೆ ಉತ್ತರ ಸಿಗದಿದ್ದರೆ ಓಡಿ ಬರುತ್ತಾಳೆ ಎಂದು ಕಾದಿರಬೇಕು. ಆಮೇಲೆ ತಮ್ಮ ಪೆಟ್ಟಿಗೆಯೇ ಉತ್ತರ ಕೊಟ್ಟಿದ್ದೂ ಕೇಳಿಸಿರಬೇಕು. ಈ ಯೋಚನೆ ಬಂದಾಗಲೆಲ್ಲ ನಾನು ಏನು ಮಾಡುತ್ತಿದ್ದರೂ ಎದ್ದು ಹೋಗಿ ಮುಖ ತೊಳೆಯುತ್ತಿದ್ದೆ.

ನಮ್ಮಲ್ಲೊಂದು ಪದ್ಧತಿಯಿದೆ. ಯಾರಾದರೂ ತೀರಿಕೊಂಡರೆ ಎಲ್ಲರೂ ಒಂದು ಬೆಳಗ್ಗೆ ಒಂದೇ ಕಂಪನಾಂಕದಲ್ಲಿ ಸೇರುತ್ತೇವೆ. ಒಬ್ಬರು ಅವರ ಸಂಕೇತವನ್ನು ಮೂರು ಸಲ ಕೂಗುತ್ತಾರೆ. ಪ್ರತಿ ಕೂಗಿಗೂ ಒಂದು ನಿಮಿಷ ಎಲ್ಲರೂ ಸುಮ್ಮನೆ ಕಿವಿಗೊಡುತ್ತಾರೆ. ಮೂರನೆಯ ಮೌನವೂ ಮುಗಿದ ಮೇಲೆ ‘ಇವರ ಕೀ ಮೌನವಾಗಿದೆ’ ಎಂದು ಹೇಳಿ ಮುಗಿಸುತ್ತಾರೆ. ಕೀ ಅಂದರೆ ಮೋರ್ಸ್ ಬಡಿಯುವ ಗುಂಡಿ. ಶಿಷ್ಯೆ ಎಂದು ಕೂಗುವ ಕೆಲಸ ನನಗೇ ಬಂದಿತ್ತು. ನಾನು ಒಂದೊಂದೇ ನೆಪ ಹೇಳಿ ಎರಡು ತಿಂಗಳು ತಳ್ಳಿದೆ. ಕೊನೆಗೆ ವೈಟ್‌ಫೀಲ್ಡಿನವನು, ‘ಮೇಡಂ, ಇದು ಮೇಷ್ಟ್ರಿಗೆ ಮರ್ಯಾದೆ ಅಲ್ಲ’ ಎಂದ ಮೇಲೆ ಒಂದು ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಕೂತೆ. ಅವರು ಬದುಕಿದ್ದು ನಮ್ಮ ಜಾಲದ ಕಂಪನಾಂಕದಲ್ಲೇ ಎಂದು ಅದರಲ್ಲೇ ಸೇರಿದ್ದೆವು.

ಒಂದು ಸಲ ಕೂಗಿದೆ. ಮೌನ. ಎರಡನೆಯ ಸಲ ಕೂಗಿದೆ. ಮೌನ. ಮೂರನೆಯ ಸಲವೂ ಕೂಗಿದೆ. ಊರಿನ ನಾಲ್ಕು ಮೂಲೆಗಳಲ್ಲಿ ಅಷ್ಟು ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ. ಅರ್ಧ ನಿಮಿಷ ಕಳೆದಿರಬೇಕು. ಕರ್‌ರ್‌ರ್ ಎಂದಿತು. ಎಲ್ಲರ ಪರದೆಯ ಮೇಲೂ ಮೇಷ್ಟ್ರ ಸಂಕೇತ, ಪಕ್ಕದಲ್ಲಿ ಅವರೇ ಬರೆದಿಟ್ಟ ಸಾಲು, ‘ಬಾಗಲಗುಂಟೆಯಿಂದ ನಮಸ್ಕಾರ, ಕೇಳುತ್ತಿದ್ದೇನೆ’.

ಯಾರೋ ಅಯ್ಯೋ ಎಂದರು. ಯಾರೋ ಬಿಕ್ಕಿದರು. ಎಲೆಕ್ಟ್ರಾನಿಕ್ ಸಿಟಿಯವರೊಬ್ಬರು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಅದು ಪೆಟ್ಟಿಗೆ, ಹತ್ತು ನಿಮಿಷಕ್ಕೊಮ್ಮೆ ಬರುತ್ತದೆ, ಎಲ್ಲರಿಗೂ ಗೊತ್ತು. ಆದರೂ ‘ಕೀ ಮೌನವಾಗಿದೆ’ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಸುಳ್ಳಲ್ಲವೇ ಅದು?

ಆಮೇಲೆ ವೈಟ್‌ಫೀಲ್ಡಿನವನು ಫೋನ್ ಮಾಡಿ ಮೆತ್ತಗೆ ಹೇಳಿದ. ‘ಕಾನೂನು ಪ್ರಕಾರನೂ ತಪ್ಪು ಮೇಡಂ. ಲೈಸೆನ್ಸ್ ಇದ್ದೋರೇ ಇಲ್ಲ. ಆಫ್ ಮಾಡ್ಲೇಬೇಕು. ಅಮ್ಮನಿಗೆ ನೀವೇ ಹೇಳ್ಬೇಕು.’ ನಾನು ಹೂಂ ಎಂದೆ. ಆಫ್ ಮಾಡುವ ಮಾತು ಹೇಳುವುದಾದರೆ ಉಳಿದ ಮಾತನ್ನೂ ಹೇಳುವುದೇ ಸರಿ ಎಂದು ಅವತ್ತೇ ತೀರ್ಮಾನಿಸಿದೆ.

ಮಧ್ಯಾಹ್ನ ಬಾಗಲಗುಂಟೆಗೆ ಹೋದಾಗ ಮನೆಯಲ್ಲಿ ಕೂಸಿನ ಅಳು ಕೇಳಿಸಿತು. ಮಗಳು ಮೊದಲ ಸಲ ಮಗುವನ್ನು ಕರೆದುಕೊಂಡು ಬಂದಿದ್ದಳು. ಹಸಿ ಬಾಣಂತಿಯೆಂದು ಆಗ ಅವಳನ್ನು ಕಳಿಸಿರಲಿಲ್ಲ, ಅಪ್ಪನ ಮುಖವನ್ನೂ ನೋಡಲಾಗದೆ ಹೋಗಿತ್ತು. ಅವಳು ಕೆಳಗೆ ಮಗುವಿಗೆ ಹಾಲು ಕೊಡುತ್ತಿದ್ದಳು. ಅಮ್ಮ ತಾರಸಿಯಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದರು. ನಾನು ನಿಂತೇ ಹೇಳಿದೆ. ಕೂತರೆ ಹೇಳುವುದಿಲ್ಲ ಎಂದು ಗೊತ್ತಿತ್ತು.

‘ಅಮ್ಮಾ, ಅವತ್ತು ಗುರುವಾರ ಬಂದಿದ್ದು ಮೇಷ್ಟ್ರ ಉತ್ತರ ಅಲ್ಲ. ಪೆಟ್ಟಿಗೇದು. ಅವ್ರು ಬೆಳಗ್ಗೆನೇ ಬಿದ್ದಿದ್ರಂತೆ. ಶುಕ್ರವಾರದ ತನಕ ಜೀವ ಇತ್ತು ಅಂತ ಡಾಕ್ಟ್ರು ನನ್ನ ಹತ್ರ ಹೇಳಿದ್ರು. ನಾನು ನಿಮಗೆ ಹೇಳ್ಲಿಲ್ಲ.’

ಅವರು ಕೈಯಲ್ಲಿದ್ದ ಸಣ್ಣ ಅಂಗಿಯನ್ನು ಹಿಂಡುತ್ತಲೇ ಇದ್ದರು. ಅದರಲ್ಲಿ ನೀರೇ ಇರಲಿಲ್ಲ.

‘ಪೆಟ್ಟಿಗೆ ಅದಾಗದೇ ಏಳ್ತದಾ?’

‘ಹೇಳುತ್ತಮ್ಮ. ಹಾಗೆ ಮಾಡಿದ್ದು ನಾನೇ.’

ಅವರನ್ನು ಕೋಣೆಗೆ ಕರೆದುಕೊಂಡು ಹೋಗಿ ನನ್ನ ಸೆಟ್ಟಿನಿಂದ ಒಂದು ಸಾಲು ಕಳಿಸಿ ತೋರಿಸಿದೆ. ಯಾರೂ ಮುಟ್ಟದೆ ಪೆಟ್ಟಿಗೆ ಸದ್ದು ಮಾಡಿತು, ನನ್ನ ಕೈಯಲ್ಲಿ ‘ಸಿಕ್ಕಿತು’ ಬಂತು. ಅಮ್ಮ ಖಾಲಿ ಕುರ್ಚಿ ನೋಡಿದರು, ನನ್ನ ಕೈ ನೋಡಿದರು. ಇನ್ನೊಂದ್ಸಲ ಮಾಡು ಎಂದರು. ಮಾಡಿದೆ. ಮತ್ತೆ ಬಂತು. ಆಮೇಲೆ ಅವರೇ ಬಗ್ಗಿ ಗೋಡೆಯ ಸ್ವಿಚ್ ಆರಿಸಿದರು. ಹಸಿರು ದೀಪ ಹೋಯಿತು. ಅಷ್ಟು ದಿನ ಆ ಕೋಣೆಯಲ್ಲಿ ಫ್ಯಾನಿನ ಸಣ್ಣ ಗುಯ್‌ಗುಟ್ಟುವಿಕೆ ಇತ್ತೆಂದು ನನಗೆ ಆಗ ಗೊತ್ತಾಯಿತು.

‘ಬೇಸ್ತವಾರ ನಾನ್ ಪೋನ್ ಮಾಡ್ದಾಗ ಎಲ್ಲಿದ್ದೆ ಗೊತ್ತಾ ನಿಂಗೆ?’ ಎಂದರು. ನನ್ನ ಕಡೆ ನೋಡಲಿಲ್ಲ. ‘ದುರ್ಗದ ಬಸ್ ಸ್ಟಾಂಡ್ನಾಗೆ. ಬೆಂಗ್ಳೂರ್ ಬಸ್ನಾಗೆ ಕುಂತಿದ್ದೆ, ಬ್ಯಾಗ್ ತೊಡೆ ಮ್ಯಾಲಿತ್ತು. ಮನ್ಸು ತಡೀಲಿಲ್ಲ, ಒಂದ್ಸಲ ನೋಡ್ಕೊಂಬರಾನ ಅಂತ ಒಂಟಿದ್ದೆ. ಉತ್ರ ಬಂತು ಅಂದೆ ನೀನು. ಇಳ್ದ್ಬಿಟ್ಟೆ.’

ದುರ್ಗದಿಂದ ಆ ಬಸ್ಸು ಸಂಜೆಯೊಳಗೆ ನಾಗಸಂದ್ರದ ಮೇಲೆಯೇ ಹಾದುಹೋಗುತ್ತದೆ. ಅಲ್ಲಿ ಇಳಿದು ಆಟೋ ಹತ್ತಿದರೆ ಮನೆ. ಮೇಷ್ಟ್ರು ಇನ್ನೂ ಇದ್ದರು. ಹೊಡೆಯಿರಿ ಅಮ್ಮ, ಬೈಯಿರಿ ಎಂದು ಅತ್ತೆ. ಅವರು ಹೊಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. ಉಗುರು ಚರ್ಮಕ್ಕೆ ನಾಟಿತು. ‘ತನ್ ಬಾಣಂತನಕ್ಕೆ ಅಪ್ಪನ್ನ ಒಬ್ರನ್ನೇ ಬುಟ್ಟು ನಾನು ಓದೆ ಅನ್ನಾದೇ ಮಗಳ್ಗೆ ಕೊರಗು. ಬಾಯ್ ಬುಟ್ಟೀಯ, ಉಸಾರು’ ಎಂದು ಪಿಸುಗುಟ್ಟಿದರು.

ಮಗಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಕೆಂಪಗಾದ ನನ್ನ ಕಣ್ಣು ನೋಡಿ ಅವಳ ಕಣ್ಣಲ್ಲೂ ನೀರು ತುಂಬಿತು. ‘ಅಕ್ಕಾ, ನಿಮ್ಮನ್ನ ಕೇಳ್ಬೇಕು ಅಂತ ಎರಡು ತಿಂಗಳಿಂದ ಕಾಯ್ತಿದೀನಿ. ಅಪ್ಪ ಕೊನೇಲಿ ನಿಮ್ಮ ಹತ್ರ ಏನಂದ್ರು?’

ಅಮ್ಮ ತಡವರಿಸಲಿಲ್ಲ.

‘ಮಗೀನ ಮೂಗು ಯಾರಂಗೈತೆ ಅಂತ ಕೇಳುದ್ರಂತೆ ಕಣೇ. ಅಲ್ವೇನವ್ವ?’

ಮಗಳು ನನ್ನನ್ನೇ ನೋಡುತ್ತಿದ್ದಳು. ಮೊಣಕೈಯ ಮೇಲಿನ ಹಿಡಿತ ಇನ್ನೂ ಸಡಿಲಾಗಿರಲಿಲ್ಲ.

‘ಹೌದು’ ಎಂದೆ. ‘ಹಾಗೇ ಕೇಳಿದ್ರು.’